ಏರಿಕೆಗೋ, ವೇಗಕ್ಕೋ? ಮನೆಯಲ್ಲಿ ಕಟ್ಟಿದ ವಿಮಾನದ ಪ್ರೊಪೆಲ್ಲರ್

ಜೀವವಿಜ್ಞಾನದವರಾದ ನಾವು ಇವತ್ತು ಪ್ರೊಪೆಲ್ಲರ್ ಬಗ್ಗೆ ಯಾಕೆ ಮಾತಾಡ್ತಿದ್ದೀವಿ ಅಂತ ಅನ್ನಿಸಬಹುದು. ಕಾರಣ ಇದೆ, ಮುಂದೆ ಹೇಳ್ತೀವಿ.

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳಲು ಕಾನೂನಿನ ಒಪ್ಪಿಗೆಯಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಅಷ್ಟೆ. ಇಂಥ ಎರಡು ಸೀಟಿನ ವಿಮಾನಗಳಲ್ಲಿ 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ ಬಹಳ ಸಾಮಾನ್ಯ. ಅದಕ್ಕೆ ಎಂಥ ಪ್ರೊಪೆಲ್ಲರ್ ಹಾಕಬೇಕು?

ಮೊದಲು ಪಿಚ್ ಅಂದ್ರೆ ಏನು ನೋಡೋಣ. ಮರಕ್ಕೆ ಸ್ಕ್ರೂ ತಿರುಗಿಸಿದರೆ ಪ್ರತಿ ಸುತ್ತಿಗೂ ಇಷ್ಟಿಷ್ಟು ಅಂತ ಒಳಗೆ ಹೋಗುತ್ತೆ. ಪ್ರೊಪೆಲ್ಲರ್ ಗಾಳಿಯಲ್ಲಿ ಹೆಚ್ಚುಕಮ್ಮಿ ಹಾಗೇ ಸಾಗುತ್ತೆ. ಬ್ಲೇಡಿನ ಓರೆ ಹೆಚ್ಚಿದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ, ಆದರೆ ಎಂಜಿನ್‌ಗೆ ಹೆಚ್ಚು ಭಾರ. ಥೇಟ್ ಸೈಕಲ್ ಗೇರು! ಕಡಿಮೆ ಪಿಚ್ ದಿಬ್ಬ ಹತ್ತೋಕೆ, ಹೆಚ್ಚು ಪಿಚ್ ಸಮತಟ್ಟು ರಸ್ತೆಗೆ.

ನೆಲದ ಮೇಲೆ ಹೊಂದಿಸುವ ಪ್ರೊಪೆಲ್ಲರಿನಲ್ಲಿ ಈ ಗೇರನ್ನು ಹಾರುವಾಗ ಬದಲಿಸಕ್ಕಾಗಲ್ಲ. ವಿಮಾನ ನಿಂತಿರುವಾಗ ಹಬ್ಬಿನ ಬೋಲ್ಟು ಸಡಿಲಿಸಿ, ಎಲ್ಲ ಬ್ಲೇಡುಗಳನ್ನೂ ಒಂದೇ ಕೋನಕ್ಕೆ ತಿರುಗಿಸಿ, ಹೇಳಿದಷ್ಟೇ ಬಿಗಿ ಕೊಡಬೇಕು. ಒಂದು ಬ್ಲೇಡಿನ ಕೋನ ತಪ್ಪಿದರೂ ಇಡೀ ವಿಮಾನ ನಡುಗುತ್ತೆ.

ಈ ಎಂಜಿನ್ ನಿಮಿಷಕ್ಕೆ 5800 ಸುತ್ತು ತಿರುಗಬಹುದು, ಅದೂ 5 ನಿಮಿಷ ಮಾತ್ರ. ನಿರಂತರವಾಗಿ 5500. ಪಿಚ್ ತೀರಾ ಕಡಿಮೆ ಇಟ್ಟರೆ ಏರಿಕೆ ಚೆನ್ನ, ಆದರೆ ಸಮತಲ ಹಾರಾಟದಲ್ಲಿ ಬೇಗ ಈ ಮಿತಿ ಮುಟ್ಟುತ್ತೆ. ತೀರಾ ಹೆಚ್ಚಿಟ್ಟರೆ ಟೇಕಾಫ್‌ನಲ್ಲಿ ಎಂಜಿನ್ ಸುತ್ತು ಏರೋದೇ ಇಲ್ಲ, 100 ಅಶ್ವಶಕ್ತಿಯೂ ಸಿಗಲ್ಲ. ರನ್‌ವೇ ಚಿಕ್ಕದು, ಕೊನೆಯಲ್ಲಿ ಮರಗಳು ಅಂದ್ರೆ ಅದು ಪ್ರಾಣಕ್ಕೇ ಸಂಚಕಾರ.

ಈಗ ನಮ್ಮ ಜೀವವಿಜ್ಞಾನಕ್ಕೆ ಬರೋಣ. 1903ರಲ್ಲಿ ರೈಟ್ ಸಹೋದರರ ಪ್ರೊಪೆಲ್ಲರ್ ಸ್ಪ್ರೂಸ್ ಮರದ್ದು. ಮರವೇ ಒಂದು ಕಾಂಪೋಸಿಟ್! ಸೆಲ್ಯುಲೋಸ್ ನಾರು ಎಳೆತ ತಡೆಯುತ್ತೆ, ಲಿಗ್ನಿನ್ ಅದನ್ನು ಹಿಡಿದಿಡುತ್ತೆ. ಇವತ್ತಿನ ಬ್ಲೇಡಿನಲ್ಲಿ ಕಾರ್ಬನ್ ನಾರು, ಎಪಾಕ್ಸಿ ಅಂಟು. ಉಪಾಯ ಮಾತ್ರ ಅದೇ. ಇದು ಮರದಷ್ಟು ತೇವ ಹೀರಲ್ಲ, ಅಲ್ಯೂಮಿನಿಯಮ್‌ಗಿಂತ ಹಗುರ. ರೋಟ್ಯಾಕ್ಸ್‌ನ ಗೇರ್‌ಬಾಕ್ಸ್ ಭಾರವಾದ ಪ್ರೊಪೆಲ್ಲರಿನ ಜಡತ್ವ ಸಹಿಸಲ್ಲ, ಹಾಗಾಗಿ ಹಗುರ ಬ್ಲೇಡೇ ಒಳ್ಳೇದು.

ಇದಕ್ಕೂ ದೌರ್ಬಲ್ಯ ಇದೆ. ಮಳೆಹನಿ, ಜಲ್ಲಿಕಲ್ಲು ಬ್ಲೇಡಿನ ಮುಂಚೂಣಿ ಅಂಚನ್ನು ಸವೆಸುತ್ತವೆ. ಅಲ್ಲಿ ಲೋಹದ ಪಟ್ಟಿ ಇರೋದನ್ನೇ ಆರಿಸಿ. ಒಳಗಿನ ಪದರ ಬಿಟ್ಟುಕೊಂಡರೆ ಹೊರಗೆ ಕಾಣದೇ ಇರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅನ್ನೋ ಕಡೆ ಮಂಕಾಗಿ ಡಬ್ ಅಂದರೆ ಹಾರಬೇಡಿ, ತಯಾರಕರಿಗೆ ತೋರಿಸಿ.

ಒಟ್ಟಿನಲ್ಲಿ, ಪ್ರೊಪೆಲ್ಲರ್ ಆರಿಸುವಾಗ ಗರಿಷ್ಠ ವೇಗ ಎಷ್ಟು ಅಂತ ಮೊದಲು ಕೇಳಬೇಡಿ. ನಮ್ಮ ರನ್‌ವೇ ಎಷ್ಟುದ್ದ, ಎಷ್ಟು ಎತ್ತರದಲ್ಲಿದೆ, ಸೆಕೆ ಎಷ್ಟು ಅಂತ ಕೇಳಿ. ಬಿಸಿಲಲ್ಲಿ, ಎತ್ತರದಲ್ಲಿ ಗಾಳಿ ತೆಳು, ಏರಿಕೆ ನಿಧಾನ. ಕ್ರೂಸಿನಲ್ಲಿ ಹತ್ತು ನಿಮಿಷ ತಡವಾದರೆ ನಷ್ಟವೇನಿಲ್ಲ, ಮರದ ತುದಿ ದಾಟೋಕೆ ಮಾತ್ರ ಎರಡನೇ ಅವಕಾಶ ಸಿಗಲ್ಲ.