ಅರ್ಧಕ್ಕೆ ನಿಂತ ಪ್ರಯೋಗ, ಒಂದೇ ಡೋಸಿನ ಲಸಿಕೆ

ಶೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯುದ್ದಕ್ಕೂ ತುಳಜಾಪುರದ ಅಂಬಾಭವಾನಿಗೆ ನಡೆದು ಹೊರಟವರ ಸಾಲು. ಧೂಳಖೇಡದ ಹತ್ತಿರ ಭೀಮೆಯನ್ನು ದಾಟಿ, ಸೊಲ್ಲಾಪುರ ಹಾದು ಅವರು ಸೇರುವ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು, ಮೊನ್ನೆಮೊನ್ನೆಯವರೆಗೆ ಉಸ್ಮಾನಾಬಾದ್. ಹೆಣ್ಣುಮಕ್ಕಳ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ದಾರಿ ಯಾವುದು ಎಂದು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗಗಳಲ್ಲಿ ಈ ಒಣ ಸೀಮೆಯ ಪಾಲು ದೊಡ್ಡದು. ಭೀಮೆಯ ಈ ದಂಡೆಯಲ್ಲಿ ಅದನ್ನು ಬಲ್ಲವರು ಬಹಳ ಕಡಿಮೆ.

ಕಥೆಯ ಬೇರು ಇರುವುದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅಲ್ಲಿರುವುದು ನಟಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಬೆಂಬಲದಿಂದ 1987ರಲ್ಲಿ ಇಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ್ ಈ ಮೂರು ತಾಲ್ಲೂಕುಗಳಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂದಿದೆ ಎಂದು ಲೆಕ್ಕ ಇಡುವುದು ಕೆಲಸ. ಆದರೆ ರೋಗಿಗಳು ದವಾಖಾನೆಗೇ ಬರದ ಊರುಗಳಲ್ಲಿ ಕಾಗದಪತ್ರ ಎಲ್ಲಿಂದ ಸಿಗಬೇಕು? ಸಿಬ್ಬಂದಿಯೇ ಹಳ್ಳಿ ಹಳ್ಳಿ ಸುತ್ತಿದರು. ಜನರನ್ನು ಕೂರಿಸಿಕೊಂಡು ರೋಗದ ಮೊದಲ ಲಕ್ಷಣಗಳನ್ನು ತಿಳಿಸಿದರು, ಅಂಥ ತೊಂದರೆ ಯಾರಿಗಿದೆ ಎಂದು ವಿಚಾರಿಸಿದರು, ಇದ್ದವರನ್ನು ಆಸ್ಪತ್ರೆಗೆ ಕಳಿಸಿದರು. ಕೆಲವು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಇರುವವರು ಮೊದಲಿಗಿಂತ ಬೇಗ, ಇನ್ನೂ ವಾಸಿಯಾಗುವ ಹಂತದಲ್ಲೇ ಬರತೊಡಗಿದರು. ಕಸ್ತೂರಿ ಜಯಂತ್, ಬಿ.ಎಂ. ನೇನೆ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಲೆಕ್ಕಕ್ಕೆಂದು ಹೋದವರ ಮಾತೇ ಔಷಧದ ಕೆಲಸ ಮಾಡಿತ್ತು. ಮುಂದೆ ನಡೆದ ಎಲ್ಲಕ್ಕೂ ಹಳ್ಳಿಗರ ಈ ನಂಬಿಕೆಯೇ ಬಂಡವಾಳವಾಯಿತು.

1999ರ ಅಕ್ಟೋಬರ್‌ನಲ್ಲಿ ದೊಡ್ಡ ಪ್ರಯೋಗ ಶುರುವಾಯಿತು. ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಆರ್. ಶಂಕರನಾರಾಯಣನ್, ಬಾರ್ಶಿಯ ನೇನೆ, ಟಾಟಾದ ವೈದ್ಯರು ಸೇರಿ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳನ್ನು 52 ಗುಂಪು ಮಾಡಿದರು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರು ಇದರಲ್ಲಿದ್ದರು. ಕೆಲವು ಹಳ್ಳಿಗಳಿಗೆ ಈ ಕ್ಯಾನ್ಸರ್ ತರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಅಂದರೆ ಎಚ್‌ಪಿವಿ ಪರೀಕ್ಷೆ, ಕೆಲವಕ್ಕೆ ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಕೆಲವಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬಿಳಿ ಮಚ್ಚೆ ಕಾಣುತ್ತದೋ ಎಂದು ಕಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ತಪಾಸಣೆ ಇರಲಿಲ್ಲ. 2009ರಲ್ಲಿ ಫಲಿತಾಂಶ ಹೊರಬಂತು: ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನ 34,126 ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆ ಇಲ್ಲದ 31,488 ಮಂದಿಯಲ್ಲಿ 64. ಉಳಿದೆರಡು ಪರೀಕ್ಷೆಗಳಲ್ಲಿ ಇಷ್ಟು ಸ್ಪಷ್ಟ ಇಳಿಕೆ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್‌ಪಿವಿ ಪರೀಕ್ಷೆಗೆ ಮೊದಲ ಸ್ಥಾನ ಕೊಡುವಾಗ ಉಸ್ಮಾನಾಬಾದಿನ ಈ ಅಂಕಿಗಳು ಎಲ್ಲರ ಕಣ್ಣ ಮುಂದಿದ್ದವು.

ಆ 64 ಮಂದಿಯನ್ನು ಅಂಕಿಯೆಂದು ಓದಿ ಮುಂದೆ ಹೋಗುವಂತಿಲ್ಲ. ಅಮೆರಿಕದ ರೋಗಶಾಸ್ತ್ರ ತಜ್ಞ ಎರಿಕ್ ಸುಬಾ ಇದೇ ಮಾತು ಎತ್ತಿ ವರ್ಷಗಟ್ಟಲೆ ಜಗಳ ಮಾಡಿದರು. ಮುಂಬೈ, ಉಸ್ಮಾನಾಬಾದ್ ಮತ್ತು ತಮಿಳುನಾಡಿನ ದಿಂಡಿಗಲ್‌ನ ಇಂಥ ಮೂರು ಪ್ರಯೋಗಗಳಲ್ಲಿ ತಪಾಸಣೆ ಇಲ್ಲದೆ ಬಿಟ್ಟ ಹೆಂಗಸರ ಪೈಕಿ ಕನಿಷ್ಠ 254 ಮಂದಿ ಸತ್ತರು, ತಪಾಸಣೆಯಿಂದ ಜೀವ ಉಳಿಯುತ್ತದೆ ಎಂಬುದು ಮೊದಲೇ ಗೊತ್ತಿರಲಿಲ್ಲವೇ ಎಂಬುದು ಅವರ ಪ್ರಶ್ನೆ. ದೇಶದಲ್ಲಿ ಆಗ ಇಂಥ ತಪಾಸಣೆಯೇ ಇರಲಿಲ್ಲ, ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ ಎಂಬುದು ಸಂಶೋಧಕರ ಉತ್ತರ. ಮುಂಬೈ ಪ್ರಯೋಗದಲ್ಲಿ ಒಪ್ಪಿಗೆ ಪಡೆಯುವಾಗ ಕೊಟ್ಟ ತಿಳಿವಳಿಕೆ ಸಾಲದು ಎಂದು ಅಮೆರಿಕದ ಸರ್ಕಾರಿ ಕಚೇರಿಯೊಂದು ಹೇಳಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳಿಗೆ, ನಿನಗೆ ಸಿಗದ ಪರೀಕ್ಷೆ ಪಕ್ಕದ ಊರಿನವಳಿಗೆ ಸಿಗುತ್ತಿದೆ ಎಂದು ಬಿಡಿಸಿ ಹೇಳುವುದು ಸಂಶೋಧಕರ ಮೊದಲ ಕರ್ತವ್ಯ. ಅದರಲ್ಲಿ ರಿಯಾಯಿತಿಯಿಲ್ಲ.

ಅದೇ 2009ರ ಸೆಪ್ಟೆಂಬರ್‌ನಲ್ಲಿ ಶಂಕರನಾರಾಯಣನ್ ಇನ್ನೊಂದು ಕೆಲಸ ಹಚ್ಚಿಕೊಂಡರು. ಬಾರ್ಶಿಯೂ ಸೇರಿ ದೇಶದ ಒಂಬತ್ತು ಕಡೆ, 10ರಿಂದ 18 ವರ್ಷದ 20,000 ಮದುವೆಯಾಗದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ. ಅರ್ಧ ಜನಕ್ಕೆ ಮೂರು ಡೋಸು, ಅರ್ಧ ಜನಕ್ಕೆ ಎರಡು. ಎರಡೇ ಸಾಕಾಗುತ್ತದೆಯೇ ಎಂದು ನೋಡುವುದು ಉದ್ದೇಶ.

ಏಳು ತಿಂಗಳಲ್ಲಿ ಎಲ್ಲ ನಿಂತಿತು. ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಬೇರೊಂದು ಸಂಸ್ಥೆ ನಡೆಸುತ್ತಿದ್ದ ಲಸಿಕೆ ಯೋಜನೆಯಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಯಿತು. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. 2010ರ ಏಪ್ರಿಲ್‌ನಲ್ಲಿ ಬಂದ ಸರ್ಕಾರದ ಆದೇಶ, ಆ ಯೋಜನೆಗೆ ಸಂಬಂಧವೇ ಇಲ್ಲದ ಬಾರ್ಶಿಯ ಸೂಜಿಯನ್ನೂ ತಡೆಯಿತು. ಅಷ್ಟರಲ್ಲಿ 17,729 ಹುಡುಗಿಯರಿಗೆ ಲಸಿಕೆ ಆಗಿತ್ತು. ಅವರಲ್ಲಿ 4,950 ಮಂದಿಗೆ ಸಿಕ್ಕಿದ್ದು ಒಂದೇ ಡೋಸು.

ಇಲ್ಲಿ ಕೈಚೆಲ್ಲಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಸಂಶೋಧಕರು ಕೈಬಿಡಲಿಲ್ಲ. ಲಸಿಕೆ ಕೊಡುವಂತಿಲ್ಲ, ಸರಿ; ಹುಡುಗಿಯರ ಆರೋಗ್ಯ ವಿಚಾರಿಸಬಹುದಲ್ಲ. ವರ್ಷ ವರ್ಷ ಮನೆಗೆ ಹೋದರು, ಮದುವೆಯಾಗಿ ಬೇರೆ ಊರು ಸೇರಿದವರನ್ನೂ ಹುಡುಕಿದರು. ಹತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ತರುವ 16 ಮತ್ತು 18ನೇ ಬಗೆಯ ವೈರಸ್ ದೇಹದಲ್ಲಿ ಬೇರೂರದಂತೆ ತಡೆಯುವುದರಲ್ಲಿ ಮೂರು ಡೋಸು ಶೇ 93.3, ಎರಡು ಡೋಸು ಶೇ 93.1, ಒಂದೇ ಡೋಸು ಶೇ 95.4ರಷ್ಟು ಪರಿಣಾಮಕಾರಿ. ಒಂದು ಡೋಸಿನ ಗುಂಪು ಚೀಟಿ ಎತ್ತಿ ಮಾಡಿದ್ದಲ್ಲ ಎಂಬ ಆಕ್ಷೇಪವಿತ್ತು. ಮುಂದೆ ಕೀನ್ಯಾದಲ್ಲಿ 2,275 ಯುವತಿಯರ ಮೇಲೆ ಕ್ರಮಬದ್ಧವಾಗಿ ನಡೆದ ಪ್ರಯೋಗವೂ ಒಂದು ಡೋಸು ಸಾಕು ಎಂದೇ ಹೇಳಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನು ಒಪ್ಪಿತು. ಬಡ ದೇಶಗಳ ಪಾಲಿಗೆ ಖರ್ಚು ಎಷ್ಟೋ ಇಳಿಯಿತು.

ಇತ್ತ ವಿಜಯಪುರದ ಕಡೆ ನೋಡಿದರೆ ಬೇಸರವಾಗುತ್ತದೆ. ನಗರದಲ್ಲಿ ಬಿಎಲ್‌ಡಿಇ, ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳು ಬಂದು ದಶಕಗಳಾದವು. ಆದರೂ ಕ್ಯಾನ್ಸರ್ ಎಂದ ಕೂಡಲೇ ತಿಕೋಟಾದವರು ಅಥಣಿ ದಾರಿ ಹಿಡಿದು ಮೀರಜ್‌ಗೆ, ಬಬಲೇಶ್ವರದವರು ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವುದು ತಪ್ಪಿಲ್ಲ. ಮೂವತ್ತು ದಾಟಿದ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಆಗಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 2016ರಲ್ಲೇ ಹೇಳಿದೆ. ಮೂರು ವರ್ಷದ ನಂತರ ಆರಂಭವಾದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಪಾಸಣೆ ಆಗಿದೆ ಎಂದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ತಿಕೋಟಾ ಸೀಮೆಯ ಹೆಂಗಸರು ಅಕ್ಟೋಬರ್‌ನಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಗೆ, ಫೆಬ್ರುವರಿಯ ಹೊತ್ತಿಗೆ ಗೊನೆ ಕೊಯ್ಯಲು, ಆಮೇಲೆ ಒಣದ್ರಾಕ್ಷಿ ಶೆಡ್ಡಿಗೆ ಕೂಲಿ ಹೋಗುವವರು. ಪಗಾರ ಬಿಟ್ಟು ದವಾಖಾನೆಗೆ ಬಾ ಎಂದರೆ ಬಿಳಿ ಸೆರಗು ವಿಪರೀತವಾಗುವವರೆಗೆ ಅವರು ಬರಲಾರರು. ಬಾರ್ಶಿಯವರು 1987ರಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಬೇಕಾಗಿದೆ: ಸುಗ್ಗಿ ಇಲ್ಲದ ಮಳೆಗಾಲದ ದಿನ ನೋಡಿ ಆಶಾ ಕಾರ್ಯಕರ್ತೆಯರ ಜೊತೆ ನರ್ಸುಗಳು ಊರಿಗೆ ಹೋಗಬೇಕು, ಎಚ್‌ಪಿವಿ ಪರೀಕ್ಷೆಯ ಮಾದರಿ ಅಲ್ಲಿಯೇ ತೆಗೆದುಕೊಳ್ಳಬೇಕು, ವೈರಸ್ ಸಿಕ್ಕವರನ್ನು ವಿಜಯಪುರದಲ್ಲೇ ಚಿಕಿತ್ಸೆ ಮುಗಿಯುವತನಕ ಕೈಬಿಡಬಾರದು.