ಕತ್ತಲೆಯನ್ನು ಅರಸಿ ಕೊಕ್ಕಡಕ್ಕೆ

‘ಆಕಾಶ ನೋಡಲು ನೂಕುನುಗ್ಗಲೇಕೆ?’ ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ಆಕಾಶವು ಎಲ್ಲರ ತಲೆಯ ಮೇಲೂ ಸಮನಾಗಿ ಹರಡಿದೆ, ಅದನ್ನು ಕಾಣಲು ಯಾರನ್ನೂ ತಳ್ಳಬೇಕಾಗಿಲ್ಲ ಎಂಬುದು ಅದರ ಇಂಗಿತ. ಆದರೆ ಇಂದು ಮೂಡುಬಿದಿರೆಯ ಪೇಟೆಯಲ್ಲಿ ನಿಂತು ಕತ್ತೆತ್ತಿದವನಿಗೆ ಈ ಮಾತು ಅಷ್ಟೇನೂ ನಿಜವೆಂದು ತೋರದು. 2011ರ ಜನಗಣತಿಯಲ್ಲಿ 30,000 ಜನರೂ ಇಲ್ಲದಿದ್ದ ಸಣ್ಣ ಊರು ಇದು. ಆದರೂ ಬೀದಿದೀಪ, ಅಂಗಡಿಗಳ ಫಲಕ, ವಿದ್ಯಾರ್ಥಿನಿಲಯಗಳ ಸಾಲು ಕಿಟಕಿ, ಋತು ಬಂದಾಗ ಕಂಬಳದ ಹೊನಲು ಬೆಳಕು ಇವೆಲ್ಲ ಸೇರಿ ಆಕಾಶಗಂಗೆಯನ್ನು ಪೂರ್ತಿಯಾಗಿ ಅಳಿಸಿಬಿಟ್ಟಿವೆ. ಪದವಿ ತರಗತಿಯ ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಕಣ್ಣಾರೆ ಕಂಡವರೆಷ್ಟು ಮಂದಿ ಎಂದು ಒಮ್ಮೆ ಕೇಳಿದೆ. ಎದ್ದ ಕೈಗಳು ಮೂರು. ಮೂರೂ ಘಟ್ಟದ ಬುಡದ ಹಳ್ಳಿಗಳಿಂದ ಬಂದವರವು.

ಆ ಮೂವರಲ್ಲೊಬ್ಬನ ಮನೆ ಕೊಕ್ಕಡದ ಕಡೆ. ಹಾಗಾಗಿ ನಮ್ಮ ಪಯಣ ಅತ್ತ ಹೊರಟಿತು.

ಮೊದಲ ಪಯಣ ಹೇಗೆ ಕೆಟ್ಟಿತೆಂಬುದನ್ನು ಮರೆಮಾಚದೆ ಹೇಳಿಬಿಡುತ್ತೇನೆ. ಡಿಸೆಂಬರ್ ತಿಂಗಳು, ಶನಿವಾರ, ಮರುದಿನ ರಜೆ, ಬಾಡಿಗೆಗೆ ವ್ಯಾನು ಸಿಕ್ಕಿತ್ತು. ಇಷ್ಟೇ ನಮ್ಮ ಲೆಕ್ಕಾಚಾರ! ಎಂಟೂವರೆಗೆ ಗದ್ದೆಗಿಳಿದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡು, ಮಹಾವ್ಯಾಧನ ಖಡ್ಗದ ನೀಹಾರಿಕೆ ಮಸುಕಾಗಿ ತೋರತೊಡಗಿದ್ದಷ್ಟೆ. ಹತ್ತು ಗಂಟೆಯ ಹೊತ್ತಿಗೆ ಘಟ್ಟದ ಸಾಲಿನ ಹಿಂದಿನಿಂದ ದೊಡ್ಡ ಚಂದ್ರ ಎದ್ದುಬಂದ. ಅಂದು ಬಹುಳ ಚತುರ್ಥಿ! ಮನೆಯ ಯಜಮಾನರು ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುತ್ತಿದ್ದವರು ಮೆಲ್ಲನೆ ನಕ್ಕು, “ಎಂತ ಮಾಷ್ಟ್ರೇ, ಪಂಚಾಂಗ ನೋಡಿ ಹೊರಡುವುದಲ್ಲವಾ?” ಎಂದರು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಇದಕ್ಕಿಂತ ತಕ್ಕ ಪ್ರಶ್ನೆ ಇನ್ನಾವುದು?

ತಾರಾವೀಕ್ಷಣೆಗೆ ಹೊರಡುವವನ ಮೊದಲ ಉಪಕರಣ ದೂರದರ್ಶಕವಲ್ಲ, ಪಂಚಾಂಗ. ಹುಣ್ಣಿಮೆಯ ಬಳಿಕ ಚಂದ್ರೋದಯವು ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಸಂಜೆಯ ಆಕಾಶ ಬೇಕಾದವನು ಅಮಾವಾಸ್ಯೆಯ ಹಿಂದುಮುಂದಿನ ದಿನಗಳನ್ನು ಆರಿಸಬೇಕು. ಬೆಳಗಿನ ಜಾವ ಸಾಕೆನ್ನುವವನಿಗೆ ಶುಕ್ಲ ಅಷ್ಟಮಿಯಾದರೂ ಅಡ್ಡಿಯಿಲ್ಲ. ನಡುರಾತ್ರಿ ಕಳೆದ ಮೇಲೆ ಚಂದ್ರ ಮುಳುಗಿರುತ್ತದೆ. ತಿಥಿ ಕತ್ತಲೆಯನ್ನು ಹೇಳಿದರೆ, ನಕ್ಷತ್ರಗಳನ್ನು ಹೇಳುವುದು ಸೌರಮಾಸ. ತುಳುನಾಡಿನವರು ಈಗಲೂ ಸಂಕ್ರಮಣದಿಂದ ಎಣಿಸುವ ಪಗ್ಗು, ಬೇಶ, ಕಾರ್ತೆಲ್ ಮೊದಲಾದ ತಿಂಗಳುಗಳು ಸೂರ್ಯನು ನಕ್ಷತ್ರಗಳ ನಡುವೆ ಎಲ್ಲಿರುವನೆಂಬುದನ್ನೇ ತಿಳಿಸುತ್ತವೆ. ಈ ವರ್ಷ ಸುಗ್ಗಿ ತಿಂಗಳ ಹತ್ತನೆಯ ದಿನ ರಾತ್ರಿ ಒಂಬತ್ತಕ್ಕೆ ನೆತ್ತಿಯ ಮೇಲಿದ್ದ ತಾರೆ ಬರುವ ವರ್ಷವೂ ಅದೇ ದಿನ, ಅದೇ ಹೊತ್ತಿಗೆ ಅಲ್ಲಿಯೇ ಇರುವುದು.

ಇನ್ನು ಸ್ಥಳದ ವಿಚಾರ. ಊರ ಬೆಳಕು ಎಷ್ಟು ದೂರ ಹಿಂಬಾಲಿಸುತ್ತದೆ? ಅಮೆರಿಕದ ಖಗೋಳಜ್ಞ ಮರ್ಲ್ ವಾಕರ್ 1977ರಲ್ಲಿ ಕ್ಯಾಲಿಫೋರ್ನಿಯದ ಊರುಗಳನ್ನು ಅಳೆದು ಒಂದು ಸರಳ ಸೂತ್ರವನ್ನು ಕೊಟ್ಟನು. ಆಗಸದಲ್ಲಿ ಕಾಣುವ ಊರಿನ ಪ್ರಭೆಯು ಜನಸಂಖ್ಯೆಯ ಅನುಪಾತದಲ್ಲಿ ಹೆಚ್ಚುತ್ತದೆ. ದೂರದ ಎರಡೂವರೆ ಘಾತದ ಪ್ರಕಾರ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಪ್ರಭೆ ಐದೂವರೆ ಪಟ್ಟಿಗೂ ಹೆಚ್ಚು ಕಡಮೆಯಾಯಿತೆಂದು ತಿಳಿಯಬೇಕು. ಮಂಗಳೂರು ನಗರದ ಜನಸಂಖ್ಯೆ 2011ರಲ್ಲಿ ಸುಮಾರು 5 ಲಕ್ಷ. ಕೊಕ್ಕಡದಿಂದ ಅದು ನೇರವಾಗಿ ಸುಮಾರು 60 ಕಿ.ಮೀ. ಪಶ್ಚಿಮಕ್ಕಿದೆ. ಈಗ 5,000 ಜನರ ಒಂದು ಪೇಟೆ 10 ಕಿ.ಮೀ. ದೂರದಲ್ಲಿದೆಯೆಂದು ಭಾವಿಸಿ. ಮಂಗಳೂರು ನೂರು ಪಟ್ಟು ದೊಡ್ಡದು. ಆದರೆ ಆರು ಪಟ್ಟು ದೂರ. ಆರರ ಎರಡೂವರೆ ಘಾತ 88. ಎರಡರ ಪ್ರಭೆಯೂ ಹೆಚ್ಚು ಕಡಮೆ ಒಂದೇ! ದೂರದ ಮಹಾನಗರಕ್ಕೆ ಹೆದರಿ ಹತ್ತಿರದ ಪೇಟೆಯನ್ನು ಮರೆಯುವವನು ಇಲ್ಲಿಯೇ ಎಡವುತ್ತಾನೆ. ಕೊಕ್ಕಡದ ವಾಯವ್ಯಕ್ಕೆ ಧರ್ಮಸ್ಥಳವಿದೆ. ಕಾರ್ತಿಕ ಬಹುಳದ ಕೊನೆಯಲ್ಲಿ, ಅಂದರೆ ಆಕಾಶ ಅತ್ಯಂತ ಕಪ್ಪಾಗಬೇಕಾದ ದಿನಗಳಲ್ಲಿ, ಅಲ್ಲಿ ಲಕ್ಷದೀಪೋತ್ಸವ. ಆ ವಾರ ದೀಪಗಳನ್ನೇ ನೋಡಿ ಬರುವುದು ಲೇಸು. ಪೂರ್ವಕ್ಕೂ ಆಗ್ನೇಯಕ್ಕೂ ಮಾತ್ರ ಶಿಶಿಲ, ಶಿರಾಡಿಗಳ ಕಾಡು ಮತ್ತು ಘಟ್ಟ. ನಮಗೆ ಬೇಕಾದ ಕತ್ತಲೆ ಅಲ್ಲಿದೆ.

ಕತ್ತಲೆಯೊಂದೇ ಸಾಲದು, ಬಯಲೂ ಬೇಕು. ಅಡಕೆ ತೋಟದ ನಡುವೆ ನಿಂತವನಿಗೆ ಸೋಗೆಯ ಸಂದಿನಲ್ಲಿ ಎರಡು ನಕ್ಷತ್ರ ಕಂಡರೆ ಪುಣ್ಯ. ತ್ರಿಶಂಕುವಿನ ತಳದ ತಾರೆ ಖಗೋಳದ ವಿಷುವದ್ವೃತ್ತದಿಂದ 63 ಡಿಗ್ರಿ ದಕ್ಷಿಣಕ್ಕಿದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಕೊಕ್ಕಡದಲ್ಲಿ ಅದು ದಿಗಂತದಿಂದ 14 ಡಿಗ್ರಿಗಿಂತ ಮೇಲೇರದು. ದಕ್ಷಿಣದಲ್ಲಿ 15 ಮೀಟರ್ ಎತ್ತರದ ಅಡಕೆ ಮರಗಳಿದ್ದರೆ, ಅವುಗಳ ತುದಿಯ ಮೇಲೆ ಈ ತಾರೆ ಕಾಣಲು ನಾವು ಕನಿಷ್ಠ 60 ಮೀಟರ್ ಹಿಂದೆ ನಿಲ್ಲಬೇಕು. ತ್ರಿಕೋನಮಿತಿ ಓದುವ ಮಕ್ಕಳು ಇದನ್ನು ತಾಳೆನೋಡಬಹುದು. ಕೊಯ್ಲು ಮುಗಿದು ಒಣಗಿದ ಗದ್ದೆಯ ಬಯಲು ಇದಕ್ಕೆ ಒಪ್ಪುವ ಜಾಗ. (ಕೊಕ್ಕಡದ ಬಳಿಯ ಸೌತಡ್ಕದಲ್ಲಿ ಮಹಾಗಣಪತಿಗೆ ಗುಡಿಯಿಲ್ಲ, ಮಾಡಿಲ್ಲ, ವರ್ಷವಿಡೀ ಬಯಲಿನಲ್ಲೇ ವಾಸ. ನಮ್ಮ ಹುಡುಗರಿಗೆ ಅವನ ಮೇಲೆ ಒಂದಿಷ್ಟು ಅಸೂಯೆ!) ಕಾಡಿನ ಅಂಚಿಗೆ ಹೋಗುವ ಸಾಹಸ ಬೇಡ. ಈ ಸೀಮೆಯಲ್ಲಿ ಕಾಡಾನೆಗಳ ಸಂಚಾರವಿದೆ, ಪ್ರಾಣಹಾನಿಯೂ ಆಗಿದೆ. ಪರಿಚಿತರ ಮನೆಯಂಗಳಕ್ಕೆ ತಗುಲಿದ ಗದ್ದೆ, ಮನೆಯವರ ಒಪ್ಪಿಗೆ, ಎಲ್ಲರೂ ಒಂದೇ ಕಡೆ ಇರುವುದು, ಈ ಮೂರನ್ನು ಬಿಟ್ಟು ಹೊರಡಲಾಗದು.

ಮಾರ್ಚ್ ಕೊನೆಯ ಅಮಾವಾಸ್ಯೆಗೆ ಮತ್ತೆ ಹೋದೆವು. ಕರಾವಳಿಯವರಿಗೆ ತಿಂಗಳ ಆಯ್ಕೆ ಕಡಮೆ. ಆಕಾಶಗಂಗೆಯ ಕೇಂದ್ರಭಾಗವು ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ಆಕಾಶದಲ್ಲಿ ಮೆರೆಯುತ್ತದೆ. ಆ ತಿಂಗಳುಗಳನ್ನು ಮಳೆಗಾಲವು ನುಂಗಿಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಬುಡಕ್ಕೆ ಮಂಜು ಇಳಿಯುತ್ತದೆ. ಮಾರ್ಚ್ ತಿಂಗಳ ಬೆಳಗಿನ ಜಾವವೇ ನಮಗೆ ದಕ್ಕುವ ಪಾಲು.

ಸೂರ್ಯ ಮುಳುಗಿ ಸುಮಾರು 75 ನಿಮಿಷಗಳ ತರುವಾಯ, ಅಂದರೆ ಎಂಟು ಗಂಟೆಗೆ, ಸಂಧ್ಯೆಯ ಬೆಳಕು ಪೂರ್ಣವಾಗಿ ಆರಿತು. ಮೊಬೈಲುಗಳನ್ನು ಚೀಲಕ್ಕೆ ಹಾಕಿಸಿ, ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿಸಿದ್ದೆ. ಕತ್ತಲೆಯಲ್ಲಿ ಕೆಲಸ ಮಾಡುವ ಕಣ್ಣಿನ ದಂಡಕೋಶಗಳು ತಮ್ಮ ವರ್ಣದ್ರವ್ಯವನ್ನು ಮರಳಿ ಕೂಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ. ಒಂದು ಕ್ಷಣದ ಬಿಳಿಬೆಳಕು ಸಾಕು, ಆ ಗಳಿಕೆಯೆಲ್ಲ ವ್ಯರ್ಥ. ನೈಋತ್ಯದಲ್ಲಿ ಅಗಸ್ತ್ಯ, ಉತ್ತರದಲ್ಲಿ ಬರಿಯ 13 ಡಿಗ್ರಿ ಎತ್ತರದಲ್ಲಿ ಧ್ರುವ. ಒಂಬತ್ತಕ್ಕೆ ನೆತ್ತಿಯ ಬಳಿ ಪುಷ್ಯದ ತಾರಾಗುಚ್ಛ ಬರಿಗಣ್ಣಿಗೇ ಮಂಜಿನ ತುಣುಕಿನಂತೆ ಕಂಡಿತು. ಪುಷ್ಯ ಹೀಗೆ ಕಂಡರೆ ಆ ಜಾಗ ಒಳ್ಳೆಯದೆಂದು ತಿಳಿಯಿರಿ; ಪೇಟೆಯಲ್ಲಿ ಅದು ಕಾಣುವುದೇ ಇಲ್ಲ.

ನಡುರಾತ್ರಿ ಒಂದರ ಸುಮಾರಿಗೆ ತ್ರಿಶಂಕು ಅಡಕೆ ಮರಗಳ ಮೇಲೆ ನೆಟ್ಟಗೆ ನಿಂತಿತು. ಅದಾದ ಒಂದು ಗಂಟೆಗೆ, ದಕ್ಷಿಣದಲ್ಲಿ 30 ಡಿಗ್ರಿ ಎತ್ತರದಲ್ಲಿ ಒಮೆಗ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಒಂದೇ ಗುಂಡಾಗಿ ಒತ್ತಿಕೊಂಡಿರುವ ಈ ಗುಚ್ಛವು ಲಂಡನ್ನಿನವರಿಗೆ ಎಂದಿಗೂ ಕಾಣದು. ಇಂಥ ದಕ್ಷಿಣದ ಆಕಾಶವನ್ನು ಪಡೆಯಲೆಂದೇ ವೇಣು ಬಾಪು ಅವರು ನಮ್ಮದೇ ಅಕ್ಷಾಂಶಕ್ಕೆ ಸಮೀಪದಲ್ಲಿ, ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವನ್ನು ನೆಲೆಗೊಳಿಸಿದರು.

ನಾಲ್ಕೂವರೆಗೆ ನಿದ್ರೆ ಹೋಗಿದ್ದವರನ್ನೆಲ್ಲ ಎಬ್ಬಿಸಿದೆ. ವೃಶ್ಚಿಕದ ಬಾಲದಿಂದ ಧನುಸ್ಸಿನವರೆಗೆ ಆಕಾಶಗಂಗೆ ಆಗ್ನೇಯದಲ್ಲಿ ಉಬ್ಬಿ ನಿಂತಿತ್ತು; ನಡುವೆ ಧೂಳಿನ ಕರಿಯ ಬಿರುಕು. ಆ ದಿಕ್ಕಿನಲ್ಲಿ 26,000 ಜ್ಯೋತಿರ್ವರ್ಷ ಆಚೆಗೆ ನಮ್ಮ ಬ್ರಹ್ಮಾಂಡದ ಕೇಂದ್ರ. “ಮೋಡ ಬಂತು ಸರ್” ಎಂದು ಒಬ್ಬಳು ನೊಂದು ನುಡಿದಳು. ಅದು ಮೋಡವಲ್ಲವೆಂದು ತಿಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಒಂದೇ ಒಂದು ಕೊರತೆ. ಕಣಿವೆಯಾಚೆಯ ಅಂಗಳವೊಂದರಲ್ಲಿ ಎಲ್ಇಡಿ ದೀಪವೊಂದು ರಾತ್ರಿಯಿಡೀ ಉರಿಯುತ್ತಿತ್ತು. ಆ ದೀಪಗಳ ನೀಲಿ ಬೆಳಕು ಹಳೆಯ ಸೋಡಿಯಂ ದೀಪದ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಗಾಳಿಯಲ್ಲಿ ಚೆದರುತ್ತದೆ. ಹಗಲಿನ ಆಕಾಶ ನೀಲಿಯಾಗಲು ಕಾರಣವಾದ ನಿಯಮವೇ ಇದು. ಬೆಳಗ್ಗೆ ನಮ್ಮ ಯಜಮಾನರಿಗೆ ಇದನ್ನು ವಿವರಿಸಿದೆ. ಅವರು ಮಾತಾಡದೆ ತೋಟಕ್ಕೆ ಹೋಗಿ ಒಣಗಿದ ಅಡಕೆ ಹಾಳೆಯೊಂದನ್ನು ತಂದು, ಮುಟ್ಟಾಳೆಯಂತೆ ಮಡಚಿ, ಮೊದಲು ತಮ್ಮ ಅಂಗಳದ ದೀಪಕ್ಕೇ ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ಕಟ್ಟಿದರು. ಇನ್ನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಗದ್ದೆಯ ಹುಣಿಯ ಮೇಲೆ ಕಣಿವೆಯತ್ತ ನಡೆದರು. ಮುಂದಿನ ಅಮಾವಾಸ್ಯೆಗೆ ನಾವು ಹೋದಾಗ ಆ ಬೆಳಕು ನಮ್ಮ ಕಣ್ಣಿಗೆ ಬೀಳಲಿಲ್ಲ.