ಸಮವಸ್ತ್ರದ ಆ ತೂತು

ಮೇ 12 ಬಂತೆಂದರೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚಿ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸ್ಮರಿಸುವುದು ವಾಡಿಕೆ. ರಾಯಚೂರಿನಲ್ಲಿ ಅಂಥದೊಂದು ಸಮಾರಂಭಕ್ಕೆ ಅತಿಥಿಯಾಗಿ ಹೋಗಿದ್ದ ನಾನು, ಆಸ್ಟ್ರೇಲಿಯದ ಸೇನಾ ದಾದಿ ವಿವಿಯನ್ ಬುಲ್‌ವಿಂಕಲ್‌ಳ ಕಥೆ ಹೇಳಿದೆ. ಎದುರಿಗಿದ್ದವರಲ್ಲಿ ಹೆಚ್ಚಿನವರು ದೇವದುರ್ಗ, ಮಾನ್ವಿ ಕಡೆಯ ರೈತಾಪಿ ಮನೆಗಳ ಹೆಣ್ಣುಮಕ್ಕಳು.

1942ರ ಫೆಬ್ರುವರಿ 12ರಂದು, ಸಿಂಗಪುರ ಜಪಾನೀಯರ ವಶವಾಗುವ ಮುನ್ನ, 65 ಆಸ್ಟ್ರೇಲಿಯನ್ ದಾದಿಯರು ‘ವೈನರ್ ಬ್ರೂಕ್’ ಹಡಗು ಹತ್ತಿದರು. ಎರಡೇ ದಿನಗಳಲ್ಲಿ ಜಪಾನಿ ವಿಮಾನಗಳ ಬಾಂಬ್ ದಾಳಿಗೆ ಹಡಗು ಮುಳುಗಿತು. 12 ದಾದಿಯರು ಕಡಲಪಾಲಾದರು. ಬಂಕಾ ದ್ವೀಪದ ದಂಡೆ ಸೇರಿದ 22 ಮಂದಿ ಗಾಯಾಳುಗಳ ಆರೈಕೆಗೆ ನಿಂತರು. ಫೆಬ್ರುವರಿ 16ರಂದು ಅಲ್ಲಿಗೆ ಬಂದ ಜಪಾನಿ ಸೈನಿಕರು ಅವರನ್ನು ಸಮುದ್ರದೊಳಕ್ಕೆ ನಡೆಸಿ, ಬೆನ್ನ ಹಿಂದಿನಿಂದ ಗುಂಡಿನ ಮಳೆಗರೆದರು. ಬದುಕುಳಿದವಳು ವಿವಿಯನ್ ಒಬ್ಬಳೇ. ಗುಂಡು ಸೊಂಟದ ಬಳಿ ಹಾದುಹೋಗಿತ್ತು.

ಆ ಸ್ಥಿತಿಯಲ್ಲೂ ಗಾಯಗೊಂಡ ಬ್ರಿಟಿಷ್ ಸೈನಿಕನೊಬ್ಬನನ್ನು ಕಾಡಿನಲ್ಲಿ ಸುಮಾರು 12 ದಿನ ಉಪಚರಿಸಿ, ಆತನೊಂದಿಗೇ ಶರಣಾದಳು. ಮುಂದೆ ಮೂರೂವರೆ ವರ್ಷಗಳ ಸೆರೆವಾಸ. ಹತ್ಯೆಯನ್ನು ಕಂಡವಳೆಂದು ತಿಳಿದರೆ ತನಗೂ, ಗುಟ್ಟು ಬಲ್ಲ ಗೆಳತಿಯರಿಗೂ ಸಾವು ನಿಶ್ಚಿತವಾಗಿತ್ತು. ಸಮವಸ್ತ್ರದಲ್ಲಿದ್ದ ಗುಂಡಿನ ತೂತನ್ನು ನೀರಿನ ಬಾಟಲಿ ಅಡ್ಡ ಹಿಡಿದು ಮರೆಮಾಚಿದಳು. ಶಿಬಿರಗಳಲ್ಲಿ ಇನ್ನೂ ಎಂಟು ದಾದಿಯರು ತೀರಿಕೊಂಡರು. 65 ಮಂದಿಯಲ್ಲಿ ತಾಯ್ನಾಡಿಗೆ ಮರಳಿದವರು 24.

‘ಸರ್, ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ಆಕಿ ಹೆಂಗ ಇದ್ದಳ್ರೀ?’ ಮಾನ್ವಿಯ ಹುಡುಗಿಯೊಬ್ಬಳು ಕೇಳಿದಳು.

ಆ ಮೌನ ಜೀವ ಉಳಿಸಿತೆಂದು ಉತ್ತರಿಸಿದೆ. 1946ರಲ್ಲಿ ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ನಿಂತು ಆಕೆ ಸಾಕ್ಷ್ಯ ನುಡಿದಳು. ಆದರೆ ಅಂದೂ ಎಲ್ಲವನ್ನೂ ಹೇಳಲಾಗಲಿಲ್ಲವೇನೋ. ಕೊಲ್ಲುವ ಮುನ್ನ ದಾದಿಯರ ಮೇಲೆ ಅತ್ಯಾಚಾರ ನಡೆದಿತ್ತು, ಅದನ್ನು ಬಾಯಿಬಿಡದಂತೆ ಆಕೆಗೆ ಸ್ವದೇಶದ ಅಧಿಕಾರಿಗಳೇ ತಾಕೀತು ಮಾಡಿದ್ದರು ಎಂದು ಇತಿಹಾಸಕಾರ್ತಿ ಲಿನೆಟ್ ಸಿಲ್ವರ್ 2019ರಲ್ಲಿ ಪ್ರತಿಪಾದಿಸಿದರು. ಇದು ನಿಜವಾದರೆ, ಶತ್ರುವಿನ ಸೆರೆಯಿಂದ ಬಿಡುಗಡೆಯಾದವಳಿಗೆ ತನ್ನವರು ಹೇರಿದ ಮೌನದಿಂದ ಬಿಡುಗಡೆ ಸಿಗಲಿಲ್ಲ. ವಿವಿಯನ್ 2000ರಲ್ಲಿ ತೀರಿಕೊಂಡಳು. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಆಕೆಯ ಪ್ರತಿಮೆ ಅನಾವರಣಗೊಂಡದ್ದು 2023ರಲ್ಲಿ. ತೂತು ಬಿದ್ದ ಆ ಸಮವಸ್ತ್ರವೂ ಸ್ಮಾರಕದ ಸಂಗ್ರಹದಲ್ಲಿದೆ.

ಪ್ರಶ್ನೆ ಕೇಳಿದ ಹುಡುಗಿಗೆ ಮಿಲಿಟರಿ ನರ್ಸಿಂಗ್ ಸೇವೆ ಸೇರುವಾಸೆಯಂತೆ. ಸೇರಲಿ. ದಾದಿಯನ್ನು ನಾವು ಸಹನಾಮೂರ್ತಿ ಎಂದು ಹೊಗಳುತ್ತೇವೆ; ಆ ಹೊಗಳಿಕೆಯಲ್ಲೇ ‘ಸುಮ್ಮನಿರು’ ಎಂಬ ಸೂಚನೆಯೂ ಅಡಗಿರುತ್ತದೆ. ದಂಡಿನಲ್ಲಾಗಲಿ, ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಾಗಲಿ, ತಾನು ಕಂಡದ್ದನ್ನು ಅವಳು ಹೇಳಬಂದ ದಿನ ಕೇಳಿಸಿಕೊಳ್ಳಲು ನಾವು ಸಿದ್ಧರಿರುತ್ತೇವೆಯೇ?